ಮುಮ್ಮಡಿ ಕೃಷ್ಣರಾಜ ಒಡೆಯರೂ ಚದುರಂಗದ ಕುದುರೆಯೂ

ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹೇಳುವವರೂ ನಾವೇ. ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ ಎಂದು ಹೇಳುವವರೂ ನಾವೇ. ಇವೆರಡರಲ್ಲಿ ಯಾವುದನ್ನು ನಂಬಬೇಕು? ಕಳೆದ ವರ್ಷ ನಮ್ಮ ಕಾಲೇಜಿನ ಚದುರಂಗದ ಪಂದ್ಯ ಮುಗಿದ ಸಂಜೆ ಈ ಪ್ರಶ್ನೆಯ ಮೇಲೆ ನಮ್ಮಲ್ಲಿ ದೊಡ್ಡ ವಾದವೇ ನಡೆಯಿತು. ಮೊದಲನೆಯ ಸುತ್ತಿನಲ್ಲಿಯೇ ಹದಿನಾಲ್ಕು ನಡೆಗಳಲ್ಲಿ ಸೋತು ಮೂಲೆಯಲ್ಲಿ ಕುಳಿತಿದ್ದ ನನಗೆ ಅಲ್ಲಿ ಬಾಯಿ ತೆರೆಯುವ ಅಧಿಕಾರವಿರಲಿಲ್ಲ. ಗೆದ್ದವರ ಪಕ್ಷದವರು, ಚದುರಂಗದ ಬುದ್ಧಿ ಹುಟ್ಟಿನಿಂದಲೇ ಬರಬೇಕು, ಹತ್ತು ವರ್ಷ ತುಂಬುವುದರೊಳಗೆ ಅದು ಕಾಣಿಸಿಕೊಳ್ಳದಿದ್ದರೆ ಆಮೇಲೆ ಎಷ್ಟು ಮಣೆ ಸವೆಸಿದರೂ ವ್ಯರ್ಥ ಎಂದು ತೀರ್ಪು ಕೊಟ್ಟರು. 2024ರ ಡಿಸೆಂಬರಿನಲ್ಲಿ ಹದಿನೆಂಟನೆಯ ವಯಸ್ಸಿಗೇ ಜಗತ್ತಿನ ಚಾಂಪಿಯನ್ ಆದ ಚೆನ್ನೈಯ ಗುಕೇಶರನ್ನು ಸಾಕ್ಷಿಗೆ ಕರೆದರು. ನಾನು ಚದುರಂಗದ ಮಣೆಯ ಮುಂದೆ ಮೊದಲು ಕುಳಿತದ್ದೇ ಹದಿನೆಂಟನೆಯ ವಯಸ್ಸಿನಲ್ಲಿ. ಆದ್ದರಿಂದ ಆ ತೀರ್ಪು ನನಗೆ ಸ್ವಲ್ಪ ಖಾರವಾಗಿಯೇ ತಟ್ಟಿತು ಎಂದು ಒಪ್ಪಿಕೊಳ್ಳುತ್ತೇನೆ.

ಆ ಸಂಜೆ ಮೆಟ್ರೋ ಬಂಡಿಯಲ್ಲಿ ಕುಳಿತು ಪಟ್ಟಂದೂರು ಅಗ್ರಹಾರಕ್ಕೆ ಹಿಂದಿರುಗುವಾಗ, ಚರಿತ್ರೆಯ ತರಗತಿಯಲ್ಲಿ ಒಂದೇ ಒಂದು ಪುಟದಲ್ಲಿ ಓದಿ ಮುಗಿಸಿದ್ದ ಒಬ್ಬ ದೊರೆಯ ನೆನಪಾಯಿತು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಇಂಗ್ಲಿಷರು ರಾಜ್ಯವನ್ನು ಕಿತ್ತುಕೊಂಡರು ಎಂಬ ವಾಕ್ಯದೊಂದಿಗೆ ನಮ್ಮ ಪಾಠ ಅವರನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಅದಾದ ಮೇಲೂ ಅವರು ಮೂವತ್ತಾರು ವರ್ಷ ಬದುಕಿದ್ದರು, ಆ ವರ್ಷಗಳಲ್ಲಿ ಚದುರಂಗದ ಕುದುರೆಯ ಮೇಲೆ ಜಗತ್ತಿನ ಗಣಿತಜ್ಞರು ಇಂದಿಗೂ ಲೆಕ್ಕಕ್ಕೆ ತೆಗೆದುಕೊಳ್ಳುವಂಥ ಕೆಲಸ ಮಾಡಿದರು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ನಮ್ಮ ಸೀಮೆಗೂ ಅವರ ಮನೆತನಕ್ಕೂ ಒಂದು ನಂಟು ಉಂಟು. ಅವರ ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರು 1882ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಕೊಟ್ಟ ಸುಮಾರು 3,900 ಎಕರೆ ಭೂಮಿಯ ಮೇಲೆಯೇ ವೈಟ್‌ಫೀಲ್ಡ್ ಎಂಬ ನೆಲೆ ಹುಟ್ಟಿತು. ಕೆರೆಯೂ ಹೊಲಗಳೂ ಇದ್ದ ನಮ್ಮ ಅಗ್ರಹಾರದ ಪಕ್ಕದಲ್ಲಿ ಇಂದು ಗಾಜಿನ ಕಟ್ಟಡಗಳು ನಿಂತಿವೆ. ಅಲ್ಲಿ ಹಗಲಿರುಳು ದುಡಿಯುವ ಗಣಕಯಂತ್ರಗಳ ಮಾತು ಈ ಲೇಖನದ ನಡುವೆ ಒಮ್ಮೆ ಬರಲಿದೆ.

ಮುಮ್ಮಡಿಯವರು ಹುಟ್ಟಿದ್ದು 1794ರ ಜುಲೈ 14ರಂದು. ತಂದೆ ಖಾಸಾ ಚಾಮರಾಜ ಒಡೆಯರು ಹೆಸರಿಗೆ ಮಾತ್ರ ಅರಸರು. ಅಧಿಕಾರವೆಲ್ಲ ಟಿಪ್ಪು ಸುಲ್ತಾನರ ಕೈಯಲ್ಲಿ. ಮಗು ಬೆಳೆದದ್ದು ಅರಮನೆಯ ವೈಭವದಲ್ಲಲ್ಲ, ಶ್ರೀರಂಗಪಟ್ಟಣದ ಕಾವಲಿನ ಬಡತನದಲ್ಲಿ. 1799ರ ಮೇ 4ರಂದು ಕೋಟೆ ಬಿತ್ತು. ಜೂನ್ 30ರಂದು ಮೈಸೂರಿನಲ್ಲಿ ಹಂದರ ಹಾಕಿ ಹುಡುಗನಿಗೆ ಪಟ್ಟಕಟ್ಟಿದರು. ಐದು ವರ್ಷ ತುಂಬುವುದಕ್ಕೆ ಇನ್ನೂ ಎರಡು ವಾರ ಉಳಿದಿತ್ತು. ದಿವಾನ್ ಪೂರ್ಣಯ್ಯನವರು ಹನ್ನೆರಡು ವರ್ಷ ರಾಜ್ಯಭಾರ ನಡೆಸಿ, 1811ರ ಹೊತ್ತಿಗೆ ಬೊಕ್ಕಸ ತುಂಬಿಸಿ ಯುವಕ ದೊರೆಗೆ ಒಪ್ಪಿಸಿದರು.

ಮುಂದಿನ ಇಪ್ಪತ್ತು ವರ್ಷಗಳ ಆಳ್ವಿಕೆಯನ್ನು ಹೊಗಳುವುದು ನನ್ನಿಂದಾಗದು. ದಾನಧರ್ಮದಲ್ಲಿ ಕೈ ಧಾರಾಳ, ಲೆಕ್ಕದಲ್ಲಿ ಕೈ ಸಡಿಲ. ಬೊಕ್ಕಸ ಬರಿದಾಯಿತು, ಕಂದಾಯದ ಗುತ್ತಿಗೆದಾರರು ರೈತರನ್ನು ಹಿಂಡಿದರು, 1830ರಲ್ಲಿ ನಗರದ ಸೀಮೆಯಲ್ಲಿ ದಂಗೆ ಎದ್ದಿತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕರು ಆಡಳಿತವನ್ನು ಕಂಪನಿಯ ವಶಕ್ಕೆ ತೆಗೆದುಕೊಂಡರು. ತಪ್ಪು ಅಷ್ಟೂ ದೊರೆಯದೇ ಅಲ್ಲವೆಂದು ವಿಚಾರಣಾ ಸಮಿತಿಯ ವರದಿ ಬಂದ ಮೇಲೆ ಬೆಂಟಿಂಕರಿಗೇ ತಮ್ಮ ನಿರ್ಧಾರದ ಬಗ್ಗೆ ಅನುಮಾನ ಹುಟ್ಟಿತು. ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸೋಣವೆಂದು ಸೂಚಿಸಿದರು. ಲಂಡನ್ನಿನ ಡೈರೆಕ್ಟರುಗಳು ಒಪ್ಪಲಿಲ್ಲ. ವರ್ಷಕ್ಕೆ ಒಂದು ಲಕ್ಷ ವರಹ, ಅದರ ಮೇಲೆ ನಿವ್ವಳ ಆದಾಯದ ಐದನೆಯ ಒಂದು ಪಾಲು, ಅರಮನೆ, ಬಿರುದು, ಇಷ್ಟು ಉಳಿಯಿತು. ಮೂವತ್ತೇಳು ವರ್ಷದ ಗಟ್ಟಿಮುಟ್ಟಾದ ಮನುಷ್ಯನಿಗೆ ಬೆಳಗ್ಗೆ ಎದ್ದರೆ ಮಾಡುವುದಕ್ಕೆ ರಾಜಕಾರ್ಯವೇ ಇಲ್ಲವಾಯಿತು.

ಇಂಥ ಸ್ಥಿತಿಯಲ್ಲಿ ಅಂದಿನ ಸಂಸ್ಥಾನಿಕರು ಹೇಗೆ ಕಾಲ ಕಳೆದರು ಎಂಬುದನ್ನು ಚರಿತ್ರೆ ಓದಿದವರು ಬಲ್ಲರು. ಪ್ರೇಮಚಂದರ ಕತೆಯನ್ನು ಆಧರಿಸಿ ಸತ್ಯಜಿತ್ ರಾಯ್ ಅವರು 1977ರಲ್ಲಿ ತೆಗೆದ ಶತರಂಜ್ ಕೇ ಖಿಲಾಡಿ ಚಿತ್ರದಲ್ಲಿ, ಅವಧ ರಾಜ್ಯ ಕೈಬಿಟ್ಟುಹೋಗುತ್ತಿರುವಾಗ ಇಬ್ಬರು ಶ್ರೀಮಂತರು ಚದುರಂಗದ ಮೇಲೆ ಕಣ್ಣು ನೆಟ್ಟು ಕುಳಿತಿರುತ್ತಾರೆ. ಅಲ್ಲಿ ಚದುರಂಗವೆಂದರೆ ಸೋಮಾರಿತನದ ಇನ್ನೊಂದು ಹೆಸರು. ಮೈಸೂರಿನ ದೊರೆಯನ್ನೂ ಹಾಗೆಯೇ ಅಳೆದವರುಂಟು. ಆದರೆ ಅವರು ಬಿಟ್ಟುಹೋದ ಕೆಲಸವನ್ನು ಕಂಡರೆ ಸೋಮಾರಿ ಎನ್ನುವುದಕ್ಕೆ ನಾಲಿಗೆ ಏಳುವುದಿಲ್ಲ. ಶ್ರೀತತ್ತ್ವನಿಧಿ ಎಂಬ ಬೃಹದ್ಗ್ರಂಥದಲ್ಲಿ ಒಂಬತ್ತು ನಿಧಿಗಳು. ದೇವತಾಮೂರ್ತಿಗಳ ಲಕ್ಷಣಗಳಿಂದ ಆರಂಭವಾಗಿ ಕೊನೆಯ ಕೌತುಕನಿಧಿಗೆ ಬಂದರೆ ಅಲ್ಲಿರುವುದು ಆಟಗಳ ಲೋಕ. ಗಂಜೀಫಾ ಎಲೆಗಳ ಆಟವನ್ನು ಅವರು ಚದ ಎಂಬ ಹೆಸರಿನಲ್ಲಿ ಹದಿಮೂರು ಬಗೆಯಾಗಿ ವಿಸ್ತರಿಸಿದರು. ಅವುಗಳಲ್ಲಿ ಕೃಷ್ಣರಾಜ ಚದಕ್ಕೆ ಬೇಕಾದ ಎಲೆಗಳು 360. ಇನ್ನು ಚದುರಂಗದ ಮೇಲೆ ಬರೆದದ್ದು ಬೇರೆಯೇ. ಈ ಗ್ರಂಥಗಳಲ್ಲಿ ದೊರೆಯ ಕೈ ಎಷ್ಟು, ಆಸ್ಥಾನ ಪಂಡಿತರ ಕೈ ಎಷ್ಟು ಎಂದು ವಿದ್ವಾಂಸರು ವಾದಿಸುವುದುಂಟು. ನೆರವು ಇದ್ದೇ ಇತ್ತು. ಆದರೆ ಪಂಡಿತರು ಸಹಜವಾಗಿ ಒಲಿಯುವುದು ಕಾವ್ಯಕ್ಕೆ, ವ್ಯಾಕರಣಕ್ಕೆ. ಕುದುರೆಯ ಹಿಂದೆ ವರ್ಷಗಟ್ಟಲೆ ಓಡುವ ಹುಚ್ಚು ಯಜಮಾನರದೇ ಆಗಿರಬೇಕು ಎಂದು ನನ್ನ ಎಣಿಕೆ.

ಆ ಕುದುರೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚದುರಂಗದ ಕುದುರೆ ಎರಡು ಮನೆ ನೇರವಾಗಿ, ಒಂದು ಮನೆ ಪಕ್ಕಕ್ಕೆ ನೆಗೆಯುತ್ತದೆ. ಅದನ್ನು ಯಾವುದೋ ಒಂದು ಮನೆಯಲ್ಲಿಟ್ಟು, ಒಮ್ಮೆ ತುಳಿದ ಮನೆಯನ್ನು ಮತ್ತೆ ತುಳಿಯದಂತೆ ಅರವತ್ತನಾಲ್ಕು ಮನೆಗಳನ್ನೂ ಸುತ್ತಿಸಬೇಕು. ಇದೇ ತುರಗಗತಿ. ಇದಕ್ಕೆ ಎದುರಾಳಿ ಇಲ್ಲ. ಎದುರಾಳಿ ತಪ್ಪಿದ್ದರಿಂದ ಗೆದ್ದೆ ಎನ್ನುವ ಹಾಗೂ ಇಲ್ಲ, ಮೈ ಸರಿಯಿರಲಿಲ್ಲ, ಸೋತೆ ಎನ್ನುವ ಹಾಗೂ ಇಲ್ಲ. ಹೀಗೆ ಸುತ್ತಿ, ಹೊರಟ ಮನೆಗೇ ಒಂದು ನೆಗೆತದಲ್ಲಿ ಮರಳಬಲ್ಲ ದಾರಿಗಳು ಹದಿಮೂರು ಲಕ್ಷ ಕೋಟಿಗೂ ಹೆಚ್ಚು ಎಂದು ಗಣಕಯಂತ್ರದಿಂದ ಲೆಕ್ಕಹಾಕಿದ್ದಾರೆ. ದಾರಿಗಳು ಇಷ್ಟಿದ್ದ ಮೇಲೆ ಸುಲಭವಲ್ಲವೆ ಎನ್ನಬೇಡಿ; ತಪ್ಪುದಾರಿಗಳು ಅವಕ್ಕಿಂತ ಎಷ್ಟೋ ಪಾಲು ಹೆಚ್ಚು.

ಈ ವಿದ್ಯೆ ನಮ್ಮಲ್ಲಿ ಬಹಳ ಹಳೆಯದು. ಒಂಬತ್ತನೆಯ ಶತಮಾನದ ರುದ್ರಟನ ಕಾವ್ಯಾಲಂಕಾರದಲ್ಲಿಯೇ ಅರ್ಧಮಣೆಯ ಮೂವತ್ತೆರಡು ಮನೆಗಳಲ್ಲಿ ಮೂವತ್ತೆರಡು ಅಕ್ಷರಗಳ ಶ್ಲೋಕವನ್ನು ಕೂಡಿಸಿ ಕುದುರೆಯ ನಡೆಯಲ್ಲಿ ಓದುವ ಬಂಧವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ರಾಜರ ವಿನೋದಗಳ ಸಾಲಿನಲ್ಲಿ ಚದುರಂಗಕ್ಕೂ ಒಂದು ಸ್ಥಾನವಿದೆ. ಕೊಳ್ಳೇಗಾಲದ ಬಳಿಯ ಸತ್ಯಗಾಲದಲ್ಲಿ ಕೆಲಕಾಲ ನೆಲೆಸಿದ್ದರೆಂದು ಹೇಳಲಾಗುವ ವೇದಾಂತ ದೇಶಿಕರು ತಮ್ಮ ಪಾದುಕಾಸಹಸ್ರದಲ್ಲಿ ಒಂದು ಶ್ಲೋಕದ ಅಕ್ಷರಗಳನ್ನು ಕುದುರೆಯ ನಡೆಯಲ್ಲಿ ಓದಿದರೆ ಮತ್ತೊಂದು ಶ್ಲೋಕ ಹೊರಡುವಂತೆ ಹೆಣೆದಿದ್ದಾರೆ. ಆ ಸಾವಿರದೆಂಟು ಶ್ಲೋಕಗಳನ್ನು ಅವರು ಒಂದೇ ರಾತ್ರಿಯಲ್ಲಿ ರಚಿಸಿದರೆಂಬುದು ಸಂಪ್ರದಾಯದ ನಂಬಿಕೆ. ಹುಟ್ಟುಪ್ರತಿಭೆಯ ಪಕ್ಷದವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗಲಾರದು. ಆ ಒಂದು ರಾತ್ರಿಯ ಹಿಂದೆ ಎಷ್ಟು ರಾತ್ರಿಗಳ ಓದು ಇದ್ದಿರಬೇಕೆಂದು ಕೇಳುವುದನ್ನು ಮಾತ್ರ ಅವರು ಮರೆಯುತ್ತಾರೆ. ಅತ್ತ ಯೂರೋಪಿನಲ್ಲಿ 1759ರಲ್ಲಿ ಆಯ್ಲರ್ ಎಂಬ ಮಹಾಗಣಿತಜ್ಞರು ಇದೇ ಸಮಸ್ಯೆಯನ್ನು ಕೈಗೆತ್ತಿಕೊಂಡರು.

ಮುಮ್ಮಡಿಯವರು ಇಂಥ ಸಂಚಾರಗಳನ್ನು ಒಂದೆರಡಲ್ಲ, ಎಂಬತ್ತಕ್ಕೂ ಮೀರಿ ರಚಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಕುದುರೆ ತುಳಿದ ಮನೆಗಳಿಗೆ ಕ್ರಮವಾಗಿ ಒಂದರಿಂದ ಅರವತ್ತನಾಲ್ಕರ ವರೆಗೆ ಅಂಕಿ ಹಾಕುತ್ತ ಹೋದರೆ, ಪ್ರತಿಯೊಂದು ಅಡ್ಡಸಾಲಿನ ಮೊತ್ತವೂ ಪ್ರತಿಯೊಂದು ಕಂಬಸಾಲಿನ ಮೊತ್ತವೂ ಸರಿಯಾಗಿ 260 ಬರಬೇಕು. ಕುದುರೆಯ ಓಟವೂ ಆಗಬೇಕು, ಮಾಯಾಚೌಕವೂ ಆಗಬೇಕು. ಇಂಥದನ್ನು ಯೂರೋಪಿನಲ್ಲಿ ಮೊದಲು ಪ್ರಕಟಿಸಿದವರು ಇಂಗ್ಲೆಂಡಿನ ವಿಲಿಯಂ ಬೆವರ್ಲಿ, 1848ರಲ್ಲಿ. ನಾಲ್ಕು ವರ್ಷ ಕಳೆದು, 1852ರ ಹೊತ್ತಿಗೆ ಮೈಸೂರಿನ ಅರಮನೆಯಲ್ಲಿ ನಮ್ಮ ದೊರೆಯೂ ಅಂಥ ಒಂದನ್ನು ಕಟ್ಟಿ, ರೇಷ್ಮೆಯ ಬಟ್ಟೆಯ ಮೇಲೆ ಅಚ್ಚುಹಾಕಿಸಿದರು. ಅವರ ವಯಸ್ಸು ಆಗ ಐವತ್ತೆಂಟು. ಹನ್ನೆರಡು ಹನ್ನೆರಡರ ದೊಡ್ಡ ಮಣೆಯಲ್ಲಿಯೂ ಅವರು ಈ ಸಾಹಸ ಮಾಡಿದರು. ಅಲ್ಲಿ ಸಾಲಿನ ಮೊತ್ತ 870. ಎಂಟು ಎಂಟರ ಮಣೆಯಲ್ಲಿ ಎರಡು ಕರ್ಣಗಳೂ 260 ಆಗುವಂತೆ ಕಟ್ಟಲು ಸಾಧ್ಯವೇ ಎಂಬ ಪ್ರಶ್ನೆ ನೂರೈವತ್ತು ವರ್ಷ ಹಾಗೆಯೇ ಉಳಿದಿತ್ತು. 2003ರಲ್ಲಿ ಗಣಕಯಂತ್ರಗಳನ್ನು ಎರಡು ತಿಂಗಳ ಕಾಲ ಓಡಿಸಿ, ಅಂಥದೊಂದೂ ಇಲ್ಲ, ಸಾಲು ಕಂಬಗಳು ಮಾತ್ರ ಕೂಡುವಂಥವು ಒಟ್ಟು 140 ಇವೆ ಎಂದು ಕಂಡುಕೊಂಡರು. ಹದಿಮೂರು ಲಕ್ಷ ಕೋಟಿಯ ಕಾಡಿನಲ್ಲಿ ನೂರನಲವತ್ತು ಎಂಬುದನ್ನು ವಾಚಕರು ಗಮನಿಸಬೇಕು. ಯಂತ್ರವಿಲ್ಲದೆ, ಬಳಪವೋ ಲೇಖನಿಯೋ ಹಿಡಿದು ಅಂಥದನ್ನು ಹುಡುಕಿದ ಮನುಷ್ಯ ಎಷ್ಟು ಸಲ ಸೋತಿರಬೇಡ!

ಇದನ್ನು ಓದಿದ ಮೇಲೆ ನನಗೂ ಒಂದು ಹಟ ಹುಟ್ಟಿತು. ಮಾಯಾಚೌಕದ ಮಾತು ಹಾಗಿರಲಿ, ಬರಿಯ ಸಂಚಾರವನ್ನಾದರೂ ಮುಗಿಸೋಣವೆಂದು ಚೌಕುಳಿ ಗೆರೆಯ ನೋಟುಪುಸ್ತಕ ಕೊಂಡು, ದಿನವೂ ಕಾಲೇಜಿಗೆ ಬರುವ ಮುಕ್ಕಾಲು ಗಂಟೆಯ ಪ್ರಯಾಣದಲ್ಲಿ ಕುದುರೆ ಓಡಿಸತೊಡಗಿದೆ. ಮೊದಲ ದಿನ 41ಕ್ಕೆ ನಿಂತಿತು. ಎರಡನೆಯ ದಿನ 52. ಮತ್ತೆ 47. ಒಂದು ವಾರದ ಕೊನೆಗೆ, ನಿಲ್ಲುವುದು ಯಾವಾಗಲೂ ಮೂಲೆಗಳ ದೆಸೆಯಿಂದ ಎಂಬುದು ಕಣ್ಣಿಗೆ ಬಿತ್ತು. ನಡುಮಣೆಯ ಮನೆಗೆ ಎಂಟು ಬಾಗಿಲು. ಮೂಲೆಯ ಮನೆಗೆ ಎರಡೇ. ಮೂಲೆಯನ್ನು ಆಮೇಲೆ ನೋಡಿಕೊಳ್ಳೋಣವೆಂದು ಬಿಟ್ಟರೆ ಆಮೇಲೆ ಅಲ್ಲಿಗೆ ದಾರಿಯೇ ಇರುವುದಿಲ್ಲ. ಬಾಗಿಲು ಕಡಮೆ ಇರುವ ಮನೆಗೆ ಮೊದಲು ಹೋಗು ಎಂಬ ಸೂತ್ರವನ್ನು ವಾರ್ನ್ಸ್‌ಡಾರ್ಫ್ ಎಂಬ ಜರ್ಮನ್ 1823ರಲ್ಲಿಯೇ ಬರೆದಿಟ್ಟಿದ್ದನೆಂದು ನನಗೆ ಆಮೇಲೆ ತಿಳಿಯಿತು. ಹನ್ನೊಂದನೆಯ ದಿನ, ಬೈಯಪ್ಪನಹಳ್ಳಿ ದಾಟುವ ಹೊತ್ತಿಗೆ, 64 ಬರೆದೆ. ಪಕ್ಕದಲ್ಲಿ ನಿಂತಿದ್ದವರು ನನ್ನನ್ನು ಒಂದು ಥರ ನೋಡಿದರು.

ನನ್ನ ಈ ಸಣ್ಣ ಅನುಭವವೇ ಅಭ್ಯಾಸದ ಪಕ್ಷದವರಿಗೆ ಪೂರ್ಣ ಜಯ ಕೊಡುತ್ತದೆಂದು ಮೊದಲು ನಾನು ತಿಳಿದಿದ್ದೆ. ಪಂಡಿತರ ಪ್ರಯೋಗಗಳೂ ಬಹುಮಟ್ಟಿಗೆ ಅತ್ತಲೇ ವಾಲುತ್ತವೆ. ಹಾಲೆಂಡಿನ ಡಿ ಗ್ರೂಟ್ 1946ರಲ್ಲಿಯೂ, ಅಮೆರಿಕದ ಚೇಸ್ ಮತ್ತು ಸೈಮನ್ 1973ರಲ್ಲಿಯೂ ತೋರಿಸಿದ್ದು ಇದು: ನಿಜವಾದ ಆಟದ ನಡುವಿನ ಮಣೆಯನ್ನು ಕೆಲವೇ ಕ್ಷಣ ತೋರಿಸಿ ಮುಚ್ಚಿದರೆ ನಿಪುಣ ಆಟಗಾರ ಬಹುಪಾಲು ಕಾಯಿಗಳನ್ನು ಸರಿಯಾಗಿ ಮತ್ತೆ ಇಡುತ್ತಾನೆ, ಹೊಸಬ ಇಡಲಾರ. ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದರೆ ನಿಪುಣನ ಹೆಚ್ಚುಗಾರಿಕೆ ಹೆಚ್ಚುಕಡಮೆ ಮಾಯವಾಗುತ್ತದೆ. ಅಂದರೆ ಅವನ ತಲೆಯಲ್ಲಿರುವುದು ಹುಟ್ಟುವಾಗ ಬಂದ ವಿಶೇಷ ನೆನಪಲ್ಲ. ಸಾವಿರಾರು ಆಟಗಳಿಂದ ಶೇಖರವಾದ ಪರಿಚಿತ ಮುಖಗಳು. ಆದರೆ ಅರ್ಜೆಂಟೈನಾದ ಆಟಗಾರರ ಮೇಲೆ 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನನ್ನ ಉತ್ಸಾಹಕ್ಕೆ ತಣ್ಣೀರೆರಚಿತು. ಮಾಸ್ಟರ್ ಮಟ್ಟಕ್ಕೆ ಏರಲು ಒಬ್ಬನಿಗೆ ಸುಮಾರು 3,000 ಗಂಟೆಗಳ ಅಭ್ಯಾಸ ಸಾಕಾಗಿತ್ತು. ಮತ್ತೊಬ್ಬನಿಗೆ 23,000ಕ್ಕೂ ಹೆಚ್ಚು ಗಂಟೆ ಬೇಕಾಗಿತ್ತು. ಒಂದೇ ಊರಿಗೆ ಒಬ್ಬ ಬಸ್ಸಿನಲ್ಲಿ, ಇನ್ನೊಬ್ಬ ಕಾಲ್ನಡಿಗೆಯಲ್ಲಿ ಹೋದಂತೆ. ಈ ಅಂತರವನ್ನು ಬರಿಯ ಅಭ್ಯಾಸದಿಂದ ವಿವರಿಸಲಾಗದು.

ಎರಡು ಪಕ್ಷದವರೂ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ. ಅಭ್ಯಾಸಕ್ಕೆ ಬೇಕಾದ ಹೊತ್ತನ್ನು ಕೊಡುವವರು ಯಾರು? ಇದನ್ನು ಯೋಚಿಸುವಾಗ ಮುಮ್ಮಡಿಯವರ ಪಕ್ಕದಲ್ಲಿ ಪಂಜಾಬಿನ ಮೀರ್ ಸುಲ್ತಾನ್ ಖಾನರನ್ನು ಇಟ್ಟು ನೋಡಬೇಕೆನಿಸುತ್ತದೆ. ಅವರು ಒಂಬತ್ತನೆಯ ವಯಸ್ಸಿನಲ್ಲಿ ತಂದೆಯಿಂದ ದೇಶೀ ಚದುರಂಗ ಕಲಿತರು. ನಮ್ಮ ದೇಶೀ ಆಟದಲ್ಲಿ ಕಾಲಾಳು ಮೊದಲ ಸಲ ಎರಡು ಮನೆ ಹಾರುವಂತಿರಲಿಲ್ಲ, ಕೋಟೆ ಕಟ್ಟುವ ನಡೆಯೂ ಇರಲಿಲ್ಲ. ಜಮೀನ್ದಾರರಾದ ಸರ್ ಉಮರ್ ಹಯಾತ್ ಖಾನರ ಆಶ್ರಯದಲ್ಲಿ ಯೂರೋಪಿನ ನಿಯಮಗಳನ್ನು ಕಲಿತು, 1928ರಲ್ಲಿ ಅಖಿಲ ಭಾರತ ಚಾಂಪಿಯನ್ ಆದರು. ಮರುವರ್ಷ ಲಂಡನ್ನಿಗೆ ಹೋಗಿ ಬ್ರಿಟಿಷ್ ಚಾಂಪಿಯನ್ ಪದವಿಯನ್ನೇ ಗೆದ್ದರು. 1932 ಮತ್ತು 1933ರಲ್ಲಿ ಮತ್ತೆ ಗೆದ್ದರು. ಹೇಸ್ಟಿಂಗ್ಸ್ ಪಂದ್ಯದಲ್ಲಿ ಮಹಾನ್ ಕಾಪಾಬ್ಲಾಂಕರನ್ನು ಸೋಲಿಸಿದರು. ಪುಸ್ತಕದ ವಿದ್ಯೆ ಬಹಳ ಕಡಮೆಯಿದ್ದ ಅವರನ್ನು ಜನ ಹುಟ್ಟುಪ್ರತಿಭೆ ಎಂದರು. ಹಾಗೆನ್ನುವುದರಲ್ಲಿ ಅರ್ಧ ನಿಜವಿದೆ. ಆಶ್ರಯದಾತರು 1933ರ ಕೊನೆಗೆ ಊರಿಗೆ ಹಿಂದಿರುಗಿದಾಗ ಅವರೂ ಹಿಂದಿರುಗಿದರು. ಆಮೇಲೆ ದೊಡ್ಡ ಪಂದ್ಯಗಳ ಮುಖ ಕಾಣಲಿಲ್ಲ. ಪ್ರತಿಭೆ ಎಲ್ಲಿಗೂ ಹೋಗಿರಲಿಲ್ಲ. ಆಡುವ ಅವಕಾಶ ಮಾತ್ರ ಹೋಗಿತ್ತು. 1966ರಲ್ಲಿ ತೀರಿಕೊಂಡ ಅವರಿಗೆ ವಿಶ್ವ ಚದುರಂಗ ಸಂಸ್ಥೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ.

ಸುಲ್ತಾನ್ ಖಾನರಿಗೆ ಹೊತ್ತು ಇನ್ನೊಬ್ಬರ ಕೈಯಲ್ಲಿತ್ತು. ಮುಮ್ಮಡಿಯವರಿಗೆ ಹೊತ್ತು ಸಿಕ್ಕಿದ್ದು ರಾಜ್ಯ ಹೋದುದರಿಂದ. ಯಾರೂ ಬೇಡಿಕೊಳ್ಳದಂಥ ವರ ಅದು. ಆದರೂ ಬಿಡುವು ಒಂದೇ ಸಾಕಾಗಿದ್ದರೆ ಪಿಂಚಣಿ ಪಡೆದ ನಮ್ಮ ರಾಜರುಗಳೆಲ್ಲ ಚದುರಂಗದ ಆಚಾರ್ಯರಾಗಬೇಕಿತ್ತು, ಆಗಲಿಲ್ಲ. ನಾಲ್ಕು ಸಲ ಸೋತರೆ ಮಣೆ ಮಡಚಿಡುವವರು ನೂರು ಮಂದಿ. ನಾನೂರು ಸಲ ಸೋತ ಮೇಲೂ ನಾಳೆ ಬೆಳಗ್ಗೆ ಮತ್ತೆ ಕುಳಿತುಕೊಳ್ಳಬೇಕೆನಿಸುವವನು ಒಬ್ಬ. ಹುಟ್ಟಿನಿಂದ ಬರುವುದು ಏನಾದರೂ ಇದ್ದರೆ ಅದು ಈ ಬೇಸರವಿಲ್ಲದಿರುವಿಕೆ ಎಂದು ನನಗೆ ತೋರುತ್ತದೆ. ಇದು ಬುದ್ಧಿಯ ಲಕ್ಷಣವಲ್ಲ, ಸ್ವಭಾವದ ಲಕ್ಷಣ. ಮನಶ್ಶಾಸ್ತ್ರದ ನಮ್ಮ ಅಧ್ಯಾಪಕರು ಇದನ್ನು ಒಪ್ಪಲಿಲ್ಲ. ಸ್ವಭಾವವೂ ಅಭ್ಯಾಸದಿಂದಲೇ ಬರುವುದಲ್ಲವೇ ಎಂದು ಕೇಳಿ ನನ್ನನ್ನು ಪೇಚಿಗೆ ಸಿಕ್ಕಿಸಿದರು. ಅದಕ್ಕೆ ನನ್ನಲ್ಲಿ ಇನ್ನೂ ಉತ್ತರವಿಲ್ಲ.

ಇದೇ ಸ್ವಭಾವ ಆ ದೊರೆಯ ಇನ್ನೊಂದು ಆಟದಲ್ಲಿಯೂ ಕಾಣುತ್ತದೆ. ರಾಜ್ಯವನ್ನು ಹಿಂದಿರುಗಿಸಿರೆಂದು ಅವರು ಒಬ್ಬರಾದ ಮೇಲೊಬ್ಬರಂತೆ ಬಂದ ಗವರ್ನರ್ ಜನರಲ್ಲುಗಳಿಗೆ ಅರ್ಜಿ ಬರೆಯುತ್ತಲೇ ಹೋದರು. ಕಮಿಷನರ್ ಮಾರ್ಕ್ ಕಬ್ಬನ್ನರು 1834ರಿಂದ 1861ರ ವರೆಗೆ ಆಳಿ ಹೋದರು, ಅರ್ಜಿಗಳು ನಿಲ್ಲಲಿಲ್ಲ. ನಡುವೆ 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆದದ್ದು ಅದೇ. 1861ರಲ್ಲಿ ಜಗನ್ಮೋಹನ ಅರಮನೆ ಕಟ್ಟಿಸಿದರು. ರಾಜ್ಯ ತಮಗೆ ದೊರೆಯದೆಂದು ಸ್ಪಷ್ಟವಾದ ಮೇಲೆ ಮುಂದಿನ ತಲೆಮಾರಿಗಾದರೂ ದಾರಿ ತೆರೆಯಲೆಂದು 1865ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಪುಟ್ಟ ಬಾಲಕನನ್ನು ದತ್ತು ತೆಗೆದುಕೊಂಡರು. ಕಲ್ಕತ್ತೆಯ ಸರ್ಕಾರ ಒಪ್ಪಲಿಲ್ಲ. 1867ರಲ್ಲಿ ಲಂಡನ್ ಒಪ್ಪಿತು. ಮರುವರ್ಷ ಮಾರ್ಚ್ 27ರಂದು ಮುಮ್ಮಡಿಯವರು ಕಣ್ಣುಮುಚ್ಚಿದರು. 1881ರ ಮಾರ್ಚ್ 25ರಂದು ರಾಜ್ಯ ಒಡೆಯರ ಮನೆಗೆ ಹಿಂದಿರುಗಿತು. ಅದನ್ನು ಪಡೆದುಕೊಂಡವರು ಆ ದತ್ತುಬಾಲಕರೇ, ನಮ್ಮ ವೈಟ್‌ಫೀಲ್ಡಿಗೆ ನೆಲ ಕೊಟ್ಟ ಚಾಮರಾಜೇಂದ್ರರು.

ಕರ್ನಾಟಕದ ಮೊದಲನೆಯ ಗ್ರ್ಯಾಂಡ್‌ಮಾಸ್ಟರ್ ಹುಟ್ಟಿದ್ದು ಅದೇ ಮೈಸೂರಿನಲ್ಲಿ. ರೈಲ್ವೆಯಲ್ಲಿ ನೌಕರಿ ಮಾಡುತ್ತ ಆಡಿದ ಎಂ. ಎಸ್. ತೇಜ್‌ಕುಮಾರರು ಆ ಪದವಿಯನ್ನು ಮುಟ್ಟಿದ್ದು 2017ರಲ್ಲಿ, ಮೂವತ್ತಾರರ ಹರೆಯದಲ್ಲಿ. ಹತ್ತು ವರ್ಷದೊಳಗೆ ಎಲ್ಲವೂ ನಿರ್ಧಾರವಾಗುತ್ತದೆ ಎಂದ ನನ್ನ ಮಿತ್ರರಿಗೆ ಈ ಒಂದು ಸಂಗತಿಯನ್ನು ಹೇಳಬೇಕೆಂದಿದ್ದೆ. ಪರೀಕ್ಷೆಗಳ ಗಡಿಬಿಡಿಯಲ್ಲಿ ಹೇಳುವುದಾಗಲಿಲ್ಲ, ಇಲ್ಲಿ ಹೇಳಿದ್ದೇನೆ.

ನನ್ನ ನೋಟುಪುಸ್ತಕದಲ್ಲಿ ಈಗ ಪೂರ್ಣವಾದ ಸಂಚಾರಗಳು ಒಂಬತ್ತು ಇವೆ. ಒಂದು ದಿನ ಸಾಲುಗಳನ್ನು ಕೂಡಿ ನೋಡಿದೆ. ಮೊದಲನೆಯ ಸಾಲು 214 ಬಂತು, ಎರಡನೆಯದು 302. ಕುದುರೆ ಪ್ರತಿ ನೆಗೆತದಲ್ಲಿ ಮನೆಯ ಬಣ್ಣ ಬದಲಿಸುವುದರಿಂದ ಸಾಲಿನ ಮೊತ್ತ ಎಂದಿಗೂ ಬೆಸಸಂಖ್ಯೆಯಾಗದು ಎಂಬುದು ಮಾತ್ರ ಆ ದಿನದ ಲಾಭ. ನಾಳೆಯ ಬಂಡಿಯಲ್ಲಿ ಹತ್ತನೆಯದನ್ನು ಬೇರೆ ಮೂಲೆಯಿಂದ ಆರಂಭಿಸಬೇಕೆಂದಿದ್ದೇನೆ.